ಆ ಹತ್ತು ಜನ ರೋಡು ದಾಟಿಸ್ತಾರಾ?

ನನ್ನ ಲ್ಯಾಪ್‌ಟಾಪ್‌ನಲ್ಲಿ ‘ಶಾಲೆ ಫೈನಲ್ 2’ ಅಂತ ಒಂದು ಎಕ್ಸೆಲ್ ಫೈಲ್ ಇದೆ. ಮೂರು ಸಾಲು, ಹನ್ನೊಂದು ಕಾಲಂ. ಹಸಿರು, ಹಳದಿ, ಕೆಂಪು ಬಣ್ಣ ಬೇರೆ ತುಂಬಿದ್ದೇನೆ. ಡಿಲೀಟ್ ಮಾಡೋಣ ಅಂತ ಎರಡು ಮೂರು ಸಲ ಕೈ ಹೋಗಿತ್ತು, ಆದರೆ ಮಾಡಿಲ್ಲ. ಯಾರಿಗೋಸ್ಕರ ರಾತ್ರಿ ಹನ್ನೆರಡರವರೆಗೆ ಕೂತು ಇದನ್ನು ಮಾಡಿದೆನೋ, ಅವರು ಇದನ್ನು ಸರಿಯಾಗಿ ನೋಡಲೂ ಇಲ್ಲ. ನೋಡದೆಯೇ ತೀರ್ಮಾನ ಮಾಡಿದರು. ಆ ತೀರ್ಮಾನ ಸರಿಯೋ ತಪ್ಪೋ ಅಂತ ನಾನು ಈಗಲೂ ತಲೆ ಕೆಡಿಸಿಕೊಳ್ಳುತ್ತಿದ್ದೇನೆ.

ನಮ್ಮ ಮನೆ ಇರುವುದು ಕನಕಪುರ ರಸ್ತೆ ಕಡೆ. ಬೀದಿ ಕೊನೆಯಲ್ಲಿ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ಅಕ್ಕ 2025ರ ಮೇ ತಿಂಗಳಲ್ಲಿ ಒಂದು ದಿನ ಬಟ್ಟೆ ಕೊಡಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು. ‘ಚಿಕ್ಕವಳನ್ನ ಒಂದನೇ ಕ್ಲಾಸಿಗೆ ಹಾಕ್ಬೇಕು. ಇಲ್ಲಿ ಯಾವ ಗೌರ್ಮೆಂಟ್ ಇಸ್ಕೂಲು ಚೆನ್ನಾಗೈತೆ? ನಿಮಗೆ ಗೊತ್ತಿರ್ತದೆ.’ ನನಗೆ ಗೊತ್ತಿರಲಿಲ್ಲ. ಹದಿಮೂರು ವರ್ಷದಿಂದ ಇದೇ ಏರಿಯಾದಲ್ಲಿದ್ದೇನೆ. ಇಲ್ಲಿ ಯಾವ ಬೇಕರಿಯಲ್ಲಿ ದಿಲ್‌ಪಸಂದ್ ಚೆನ್ನಾಗಿರುತ್ತದೆ ಅಂತ ಗೊತ್ತು. ಯಾವ ದಂತವೈದ್ಯರು ಸುಮ್ನೆ ಹಲ್ಲು ಕೀಳುವುದಿಲ್ಲ ಅಂತಲೂ ಗೊತ್ತು. ಸರ್ಕಾರಿ ಶಾಲೆ ಎಷ್ಟಿವೆ ಅಂತ ಕೇಳಿದ್ದರೆ ಒಂದು ಅನ್ನುತ್ತಿದ್ದೆ. ಅದೂ ಚುನಾವಣೆಯಲ್ಲಿ ವೋಟು ಹಾಕಲು ಹೋಗಿದ್ದರಿಂದ.

ಅಕ್ಕನಿಗೆ ಇಬ್ಬರು ಮಕ್ಕಳು. ದೊಡ್ಡವನು ಆರ್‌ಟಿಇ ಸೀಟಿನಲ್ಲಿ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮಕ್ಕಳಿಗೆ ಮೀಸಲಿಟ್ಟ ಶೇ 25ರ ಉಚಿತ ಸೀಟಿನಲ್ಲಿ, ಖಾಸಗಿ ಶಾಲೆಗೆ ಹೋಗುತ್ತಾನೆ. 2016ರಲ್ಲಿ ಎಲ್‌ಕೆಜಿಗೆ ಸಿಕ್ಕಿದ ಸೀಟು. ಚಿಕ್ಕವಳಿಗೂ ಅದೇ ಸಿಗುತ್ತದೆ ಅಂದುಕೊಂಡಿದ್ದರು. ಆದರೆ 2019ರಲ್ಲಿ ನಮ್ಮ ರಾಜ್ಯ ನಿಯಮ ಬದಲಾಯಿಸಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಶೇ 25ರ ಸೀಟು ಇಲ್ಲ. ಬೆಂಗಳೂರಿನಲ್ಲಿ ಹತ್ತಿರ ಯಾವುದೂ ಇಲ್ಲದ ಜಾಗ ಹುಡುಕುವುದೇ ಕಷ್ಟ. ಹಾಗಾಗಿ ಒಂದೇ ತಾಯಿ, ಒಂದೇ ಬಾಡಿಗೆ ಮನೆ, ಅಣ್ಣ ಟೈ ಕಟ್ಟಿಕೊಂಡು ಹೋಗುತ್ತಾನೆ, ತಂಗಿಗೆ ಆ ಬಾಗಿಲು ಮುಚ್ಚಿದೆ. ಸರ್ಕಾರಿ ಶಾಲೆಗಳಿಗೆ ಮಕ್ಕಳು ಬರಲಿ ಅನ್ನುವ ವಾದ ನನಗೂ ಅರ್ಥವಾಗುತ್ತದೆ, ತಾತ್ವಿಕವಾಗಿ ಒಪ್ಪುತ್ತೇನೆ ಕೂಡ. ಅಕ್ಕನ ಎದುರು ನಿಂತು ಅದನ್ನು ಹೇಳುವ ಧೈರ್ಯ ಬರಲಿಲ್ಲ. ‘ನೋಡಿ ಹೇಳ್ತೀನಿ ಅಕ್ಕ’ ಅಂದೆ.

ಹಳ್ಳಿ ಹೋದರೂ ಉಳಿದದ್ದು

ಹುಡುಕಲು ಕೂತಾಗ ಮೊದಲು ಕಣ್ಣಿಗೆ ಬಿದ್ದದ್ದು ಮ್ಯಾಪ್. ನಮ್ಮ ಕಡೆ ಸರ್ಕಾರಿ ಶಾಲೆಗಳು ಲೇಔಟ್‌ಗಳ ಒಳಗೆ ಇಲ್ಲ. ಅವು ಇರುವುದು ಹಳೇ ಊರುಗಳಲ್ಲಿ. ಸಾರಕ್ಕಿ, ಯಲಚೇನಹಳ್ಳಿ, ಕೋಣನಕುಂಟೆ, ಉತ್ತರಹಳ್ಳಿ ಅಂತ ನಾವು ಇವತ್ತು ಬಸ್ ಸ್ಟಾಪಿನ ಹೆಸರಿನಂತೆ ಕರೆಯುವ ಜಾಗಗಳೆಲ್ಲ ಒಂದು ಕಾಲಕ್ಕೆ ಕೆರೆ, ಗದ್ದೆ, ದೇವಸ್ಥಾನ, ಅಶ್ವತ್ಥಕಟ್ಟೆ ಇದ್ದ ಹಳ್ಳಿಗಳು ತಾನೇ. ಆ ಕಟ್ಟೆಯ ಪಕ್ಕದಲ್ಲೇ ಶಾಲೆ ಇತ್ತು. ಊರನ್ನು ನಗರ ನುಂಗಿತು, ಗದ್ದೆ ಸೈಟ್ ಆಯಿತು, ಶಾಲೆ ಮಾತ್ರ ಅದೇ ಜಾಗದಲ್ಲಿ ಉಳಿಯಿತು. ಊರಿನವರ ಮಕ್ಕಳು ಈಗ ಅಲ್ಲಿ ಓದುವುದಿಲ್ಲ. ನಾನು ನೋಡಿದ ಶಾಲೆಗಳಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಜಾಸ್ತಿ. ಮನೆಯಲ್ಲಿ ತೆಲುಗು, ತಮಿಳು, ಹಿಂದಿ ಮಾತಾಡುವವರೂ ಇದ್ದರು. ರಾಜಧಾನಿಯಲ್ಲಿ ಕನ್ನಡ ಮಾಧ್ಯಮದ ಬೆಂಚಿನ ಮೇಲೆ ಕೂತಿರುವವರಲ್ಲಿ ಎಷ್ಟೋ ಜನರ ಮನೆಮಾತು ಕನ್ನಡವೇ ಅಲ್ಲ. ಕನ್ನಡ ಉಳಿಸಬೇಕು ಅಂತ ನವೆಂಬರ್‌ನಲ್ಲಿ ಸ್ಟೇಟಸ್ ಹಾಕುವ ನಾವು ಮಕ್ಕಳನ್ನು ಎಲ್ಲಿಗೆ ಕಳಿಸುತ್ತೇವೆ ಅನ್ನುವುದು ಬೇರೆ ವಿಷಯ, ಅದಕ್ಕೆ ಈಗ ಹೋಗುವುದಿಲ್ಲ.

ಮಾಹಿತಿಗೇನೂ ಕೊರತೆ ಇರಲಿಲ್ಲ. ಯುಡೈಸ್ ಅನ್ನುವ ಶಾಲೆಗಳ ಸರ್ಕಾರಿ ದತ್ತಾಂಶದಲ್ಲಿ ಪ್ರತಿ ಶಾಲೆಗೂ 11 ಅಂಕಿಯ ಸಂಖ್ಯೆ ಇರುತ್ತದೆ, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ. ಅದನ್ನು ಹಾಕಿದರೆ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಎಷ್ಟು ಕೊಠಡಿ, ಎಷ್ಟು ಶೌಚಾಲಯ ಎಲ್ಲ ಬರುತ್ತದೆ. ನಾನು ಕೆಲಸ ಮಾಡುವುದು ಡೇಟಾ ಜೊತೆಗೇ, ಹೀಗಾಗಿ ಖುಷಿ ಆಯಿತು. ಮೂರು ಶಾಲೆ ಆರಿಸಿದೆ. ಒಂದು ನಮ್ಮ ಬೀದಿಯಿಂದ 400 ಮೀಟರ್. ಇನ್ನೊಂದು ಕನಕಪುರ ರಸ್ತೆಯ ಆಚೆ, 900 ಮೀಟರ್. ಮೂರನೆಯದು ಎರಡು ಕಿಲೋಮೀಟರ್ ಹತ್ತಿರ. ಕಾಲಂಗಳು ತುಂಬತೊಡಗಿದವು. ಶಿಕ್ಷಕರಿಗೆ ಎಷ್ಟು ಮಕ್ಕಳು, ಲೈಬ್ರರಿ ಇದೆಯಾ, ಕಂಪ್ಯೂಟರ್ ಇದೆಯಾ, ಇಂಗ್ಲಿಷ್ ಮಾಧ್ಯಮದ ವಿಭಾಗ ಇದೆಯಾ, ಕಾಂಪೌಂಡ್ ಇದೆಯಾ.

ಆ ಲೆಕ್ಕದಲ್ಲಿ ಮೊದಲನೇ ಶಾಲೆ ಗೆಲ್ಲುತ್ತಿತ್ತು, ಕನಿಷ್ಠ ಒಂದು ಕಾಲಂನಲ್ಲಿ. ಒಬ್ಬ ಶಿಕ್ಷಕರಿಗೆ 29 ಮಕ್ಕಳು. ಹಸಿರು ಬಣ್ಣ ತುಂಬಿದೆ.

ಮಾವಿನ ತೋರಣ ಒಣಗಿತ್ತು

ಮೇ 31, ಶನಿವಾರ. ಶಾಲೆ ತೆರೆದು ಎರಡು ದಿನ ಆಗಿತ್ತಷ್ಟೆ. ಬೆಳಗಿನ ಶಾಲೆ ಬಿಡುವುದರೊಳಗೆ ಮೂರೂ ಕಡೆ ಹೋಗಿ ಬರೋಣ ಅಂತ ಅಕ್ಕನನ್ನು ಕರೆದುಕೊಂಡು ಹೊರಟೆ. ಅಕ್ಕ ಗಾಡಿಯ ಕೆಂಡಕ್ಕೆ ಬೂದಿ ಮುಚ್ಚಿ, ಮಗಳಿಗೆ ತಲೆ ಬಾಚಿ ಎರಡು ಜಡೆ ಹಾಕಿ ಕರೆತಂದಿದ್ದರು.

ಮೊದಲನೇ ಶಾಲೆ ಹೆಂಚಿನ ಕಟ್ಟಡ, ಪಕ್ಕದಲ್ಲಿ ಮಾರಮ್ಮನ ಗುಡಿ. ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣ ಆಗಲೇ ಒಣಗಿ ಸುರುಳಿಯಾಗಿತ್ತು. ಒಂದರಿಂದ ಐದನೇ ಕ್ಲಾಸು, 58 ಮಕ್ಕಳು, ಇಬ್ಬರು ಟೀಚರ್. ಅವರಲ್ಲಿ ಒಬ್ಬರು ಪಠ್ಯಪುಸ್ತಕ ತರಲು ಹೋಗಿದ್ದರು. ಉಳಿದವರು ಮುಖ್ಯ ಶಿಕ್ಷಕಿ. ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತು, ಈ ಕಡೆ ನಲಿ-ಕಲಿ ಮಕ್ಕಳಿಗೆ (ಒಂದರಿಂದ ಮೂರನೇ ಕ್ಲಾಸಿನವರು) ಕಾರ್ಡು ಕೊಡುತ್ತಾ ಆ ಕಡೆ ನಾಲ್ಕು, ಐದನೆಯವರಿಗೆ ಮಗ್ಗಿ ಹೇಳಿಸುತ್ತಿದ್ದರು. ನಮ್ಮನ್ನು ನೋಡಿ ‘ಎರಡು ನಿಮಿಷ’ ಅಂದವರು ಇಪ್ಪತ್ತು ನಿಮಿಷ ಬಿಟ್ಟು ಬಂದರು. ಆ ಇಪ್ಪತ್ತು ನಿಮಿಷ ಅಲ್ಲೇ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ನನ್ನ ಹಸಿರು ಬಣ್ಣದ 29ರ ಗುಟ್ಟು ಆಗ ಗೊತ್ತಾಯಿತು.

ಲೆಕ್ಕ ಹೀಗಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗಿನ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಮಕ್ಕಳು ಎಷ್ಟೇ ಇರಲಿ, ಕ್ಲಾಸು ಐದು ಇದ್ದೇ ಇರುತ್ತವೆ. ಐದು ಕ್ಲಾಸಿಗೆ ಇಬ್ಬರು. ಒಬ್ಬರು ಮೀಟಿಂಗಿಗೋ ತರಬೇತಿಗೋ ಹೋದರೆ ಐದು ಕ್ಲಾಸಿಗೆ ಒಬ್ಬರು. ಅವತ್ತಿಗೆ ಒಬ್ಬರಿಗೆ 29 ಮಕ್ಕಳಲ್ಲ, 58. ಅದೇ 300 ಮಕ್ಕಳ ಶಾಲೆಯಲ್ಲಿ ಹತ್ತು ಜನ ಟೀಚರ್ ಇದ್ದರೆ ಸರಾಸರಿ 30, ಕಾಗದದ ಮೇಲೆ ಇದಕ್ಕಿಂತ ಒಂದು ಜಾಸ್ತಿ. ಆದರೆ ಅಲ್ಲಿ ಒಬ್ಬರು ರಜೆ ಹಾಕಿದರೆ ಉಳಿದ ಒಂಬತ್ತು ಜನ ಸುಧಾರಿಸಿಕೊಳ್ಳುತ್ತಾರೆ, ಕ್ಲಾಸಿಗೊಬ್ಬರು ಸಿಗುತ್ತಾರೆ. ದಿನಾ ಸರಾಸರಿಗಳ ಜೊತೆ ಕೆಲಸ ಮಾಡುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಮೆಟ್ಟಿಲ ಮೇಲೆ ಕೂತು, ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ಎರಡು ಕಡೆಗೂ ತಿರುಗುವುದನ್ನು ನೋಡುವ ತನಕ ಹೊಳೆಯಲಿಲ್ಲ.

ಅಷ್ಟರಲ್ಲಿ ಅಕ್ಕ ಕೋಣೆಯೊಳಗೆ ಇಣುಕಿ ಗೋಡೆ ನೋಡುತ್ತಿದ್ದರು. ಅವರಿಗೆ ಅನುಮಾನ ಶುರುವಾಗಿತ್ತು. ‘ಇದೇನಿದು, ಅಕ್ಷರ ಉಲ್ಟಾಪಲ್ಟಾ ಬರ್ದವ್ರೆ’ ಅಂತ ನನ್ನ ಕಿವಿಯಲ್ಲಿ ಹೇಳಿದರು. ಗೋಡೆಯ ಮೇಲೆ ದೊಡ್ಡದಾಗಿ ‘ರ ಗ ಸ ದ ಅ’ ಅಂತ ಇತ್ತು. ಅಕ್ಕ ಐದನೇ ಕ್ಲಾಸು ಓದಿದವರು, ಅವರ ಪ್ರಕಾರ ಕನ್ನಡ ಶುರುವಾಗುವುದು ಅ ಆ ಇ ಈ ಇಂದ. ಮುಖ್ಯ ಶಿಕ್ಷಕಿ ಬಂದ ಮೇಲೆ ಅದನ್ನೇ ಕೇಳಿದರು. ಅವರು ನಕ್ಕರು, ಪಾಪ, ಎಷ್ಟು ಜನರಿಗೆ ಇದನ್ನು ಹೇಳಿದ್ದಾರೋ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯವೆಲ್ಲ ಹರಡಿದ ನಲಿ-ಕಲಿ ಪದ್ಧತಿ ಇದು. ‘ಅ ಆ ಇ ಈ ಅಂತ ಸಾಲಾಗಿ ಹೋದರೆ ಸ್ವರ ಮುಗಿಯೋಕೇ ತಿಂಗಳು ಬೇಕು, ಅಷ್ಟು ಹೊತ್ತಿಗೆ ಮಗು ಒಂದು ಪದಾನೂ ಓದಿರಲ್ಲ. ಈ ಐದು ಬರೆಯೋಕೆ ಸುಲಭ. ಇವು ಬಂದ ಕೂಡಲೇ ಸರ, ರಸ, ಗರಗಸ ಎಲ್ಲ ಅದೇ ಓದ್ತದೆ.’ ಅಕ್ಕ ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಆಮೇಲೆ ಆ ಮುಖ್ಯ ಶಿಕ್ಷಕಿ ನನ್ನ ಕಡೆ ನೋಡಲೇ ಇಲ್ಲ. ನಾನು ಪ್ರಶ್ನೆಗಳನ್ನು ಫೋನಿನಲ್ಲಿ ಬರೆದುಕೊಂಡು ಹೋಗಿದ್ದೆ, ಅವರು ಅಕ್ಕನನ್ನು ಕೇಳತೊಡಗಿದರು. ಬೆಳಿಗ್ಗೆ ಎಷ್ಟು ಹೊತ್ತಿಗೆ ಗಾಡಿ ಶುರು ಮಾಡ್ತೀರಿ, ಮಗು ತಿಂಡಿ ತಿಂದು ಬರ್ತದಾ, ಸಂಜೆ ಯಾರು ಕರ್ಕೊಂಡು ಹೋಗ್ತಾರೆ, ಊರಿಗೆ ಹೋದರೆ ಎಷ್ಟು ದಿನ ಹೋಗ್ತೀರಿ. ಕೊನೆಗೆ ತಾವಾಗಿಯೇ ಹೇಳಿದರು: ‘ಮುಚ್ಚುಮರೆ ಯಾಕೆ, ಇನ್ನೊಬ್ರು ಮೀಟಿಂಗಿಗೆ ಹೋದ ದಿನ ನಾನೊಬ್ಬಳೇ. ಅವತ್ತು ಪಾಠ ಅಷ್ಟಕ್ಕಷ್ಟೇ. ಗೊತ್ತಿದ್ದು ಸೇರಿಸಿ.’

ಎರಡನೇ ಶಾಲೆಗೆ ಹೋಗಲು ಕನಕಪುರ ರಸ್ತೆ ದಾಟಬೇಕು. ಮೆಟ್ರೊ ಕಂಬಗಳ ಕೆಳಗೆ ಮೂವರೂ ಕೈ ಹಿಡಿದುಕೊಂಡು ನಿಂತೆವು. ಟಿಪ್ಪರ್ ಹೋಯಿತು, ಬಿಎಂಟಿಸಿ ಹೋಯಿತು, ಹಿಂದೆಯೇ ಡೆಲಿವರಿ ಹುಡುಗರ ಸಾಲು. ಡಿವೈಡರ್ ಮೇಲೆ ಇನ್ನೊಂದಿಷ್ಟು ಹೊತ್ತು. ನಾನು ಆ ರಸ್ತೆಯನ್ನು ದಿನಾ ಕಾರಿನೊಳಗಿಂದ ನೋಡುವವರ ಪೈಕಿ, ಎರಡು ಜಡೆಯ ಮಗುವಿನ ಎತ್ತರದಿಂದ ಅದು ಹೇಗೆ ಕಾಣುತ್ತದೆ ಅಂತ ಯೋಚಿಸಿರಲಿಲ್ಲ.

ಶಾಲೆ ಮಾತ್ರ ನೋಡಿದ ಕೂಡಲೇ ಇಷ್ಟವಾಯಿತು. ಎಂಟನೇ ಕ್ಲಾಸಿನವರೆಗೆ ಇದೆ, 300ರ ಮೇಲೆ ಮಕ್ಕಳು, ಹತ್ತು ಶಿಕ್ಷಕರು. ಯಾವುದೋ ಕಂಪನಿಯವರು ಗೋಡೆಗೆ ಬಣ್ಣ ಹೊಡೆಸಿ ಸೌರಮಂಡಲ ಬರೆಸಿದ್ದರು. ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ವಿಭಾಗ. 2019ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇದನ್ನು ಶುರು ಮಾಡಿದಾಗ ಎಷ್ಟು ಗಲಾಟೆ ಆಗಿತ್ತು ಅಂತ ನಿಮಗೆ ನೆನಪಿರಬಹುದು. ಈಗ ಆ ವಿಭಾಗಕ್ಕೇ ಸಾಲು. ಪುಸ್ತಕ ತೆರೆದರೆ ಒಂದು ಪುಟ ಕನ್ನಡ, ಎದುರು ಪುಟ ಇಂಗ್ಲಿಷ್. ಪಾಠ ಮಾಡುವವರು ಮೊದಲಿನಿಂದ ಇದ್ದ ಟೀಚರ್‌ಗಳೇ. ಹೇಗೆ ನಡೆಯುತ್ತಿದೆ ಅಂತ ಒಬ್ಬರನ್ನು ಕೇಳಿದೆ. ‘ಮಕ್ಕಳು ಕಲೀತಾರೆ ಸಾರ್, ನಾವೂ ಕಲೀತಾ ಇದೀವಿ’ ಅಂದರು. ನನಗೆ ಆ ಉತ್ತರ ಹಿಡಿಸಿತು.

ಮೂರನೇ ಶಾಲೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಯುಡೈಸ್‌ನಲ್ಲಿ ಹುಡುಗಿಯರಿಗೆ ನಾಲ್ಕು ಶೌಚಾಲಯ ಅಂತ ಇತ್ತು. ನಾಲ್ಕೂ ಇದ್ದವು, ಮೂರಕ್ಕೆ ಬೀಗ. ಬೀಗದ ಕೈ ಯಾರ ಹತ್ತಿರ ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಅದೂ ಅಲ್ಲದೆ ಎರಡು ಕಿಲೋಮೀಟರ್ ದೂರ ಬೇರೆ.

ಎಂಟು ಹಸಿರು, ಒಂದು ಗಂಟೆ

ವಾಪಸ್ ಬರುವಾಗ ನನ್ನ ಮನಸ್ಸಿನಲ್ಲಿ ಎಲ್ಲ ಸ್ಪಷ್ಟವಾಗಿತ್ತು. ಎರಡನೇ ಶಾಲೆ. ಹನ್ನೊಂದು ಕಾಲಂನಲ್ಲಿ ಎಂಟು ಹಸಿರು. ಬಿಸಿಯೂಟ, ಹಾಲು, ಪುಸ್ತಕ, ಸಮವಸ್ತ್ರ ಎರಡೂ ಕಡೆ ಒಂದೇ. ಮೊಟ್ಟೆಯೂ ಅಷ್ಟೆ, 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈ ಜೋಡಿಸಿದ ಮೇಲೆ ವಾರಕ್ಕೆ ಆರು ದಿನ. ಆದ್ದರಿಂದ ಅವುಗಳಲ್ಲಿ ಹೋಲಿಸಲು ಏನಿಲ್ಲ. ಉಳಿದದ್ದು ಟೀಚರ್, ಕ್ಲಾಸು, ಇಂಗ್ಲಿಷ್. ಇದನ್ನೆಲ್ಲ ಗಾಡಿಯ ಪಕ್ಕ ನಿಂತು ಅಕ್ಕನಿಗೆ ವಿವರಿಸಿದೆ. ಫೋನಿನಲ್ಲಿ ಎಕ್ಸೆಲ್ ತೆರೆದು ತೋರಿಸಿದೆ ಬೇರೆ. ಅವರು ಕೆಂಡ ಕೆದಕುತ್ತಾ ಕೇಳಿಸಿಕೊಂಡರು.

‘ಇಲ್ಲೇ ಹಾಕ್ತೀನಿ’ ಅಂದರು, ಮಾರಮ್ಮನ ಗುಡಿ ಕಡೆ ತಲೆ ಆಡಿಸಿ.

‘ಅಕ್ಕ, ಅಲ್ಲಿ ಹತ್ತು ಜನ ಟೀಚರ್ ಇದಾರೆ. ಇಲ್ಲಿ ಇಬ್ಬರೇ.’

‘ಆ ಹತ್ತು ಜನ ರೋಡು ದಾಟಿಸ್ತಾರಾ?’

ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದನೇ ಕ್ಲಾಸಿಗೆ ಶಾಲೆ ಒಂದು ಕಿಲೋಮೀಟರ್ ಒಳಗೆ ಇರಬೇಕು, ಆರರಿಂದ ಎಂಟಕ್ಕೆ ಮೂರು. ನನ್ನ ಶೀಟಿನಲ್ಲೂ ದೂರದ ಕಾಲಂ ಇತ್ತು, 400 ಮತ್ತು 900, ಎರಡೂ ಹಸಿರು. ಆ 900ರ ನಡುವೆ ಏನಿದೆ ಅಂತ ಕಾಲಂ ಇರಲಿಲ್ಲ. ಸಂಜೆ ನಾಲ್ಕೂವರೆ ಅಂದರೆ ಆಫೀಸಿಂದ ಬಂದವರು ಬಟ್ಟೆ ಕೇಳುವ ಹೊತ್ತು, ಅಕ್ಕ ಗಾಡಿ ಬಿಟ್ಟು ಅಲ್ಲಾಡುವಂತಿಲ್ಲ. ಗಂಡ ಗಾರೆ ಕೆಲಸ ಮುಗಿಸಿ ಬರುವುದು ಏಳಕ್ಕೆ. ಮಗನ ಶಾಲೆ ಬೇರೆ ದಿಕ್ಕಿಗೆ. ಗುಡಿ ಪಕ್ಕದ ಶಾಲೆಯ ಗಂಟೆ ಹೊಡೆದರೆ ಗಾಡಿಗೆ ಕೇಳಿಸುತ್ತದೆ. ಗಂಟೆ ಹೊಡೆದು ಹತ್ತು ನಿಮಿಷದಲ್ಲಿ ಮಗಳು ಬರದಿದ್ದರೆ ಯಾರನ್ನಾದರೂ ಕಳಿಸಬಹುದು. ‘ಆ ಟೀಚರಮ್ಮ ನಿಜ ಹೇಳಿದ್ರು’ ಅಂತಲೂ ಸೇರಿಸಿದರು.

ಮನೆಗೆ ಬಂದು ಸ್ವಲ್ಪ ಹೊತ್ತು ಮುನಿಸಿಕೊಂಡು ಕೂತೆ, ಸುಳ್ಳು ಯಾಕೆ ಹೇಳಲಿ. ಅಷ್ಟು ಶ್ರಮಪಟ್ಟಿದ್ದೇನಲ್ಲ. ಆಮೇಲೆ ನನ್ನ ಮಗಳ ಶಾಲೆ ನೆನಪಾಯಿತು. ಅದಕ್ಕೂ ಅದೇ 11 ಅಂಕಿಯ ಸಂಖ್ಯೆ ಇದೆ, ಒಂದು ದಿನವಾದರೂ ಹುಡುಕಿ ನೋಡಿರಲಿಲ್ಲ. ಅಡ್ಮಿಷನ್ ದಿನ ಅವರು ಈಜುಕೊಳ ತೋರಿಸಿದರು, ರೋಬೋಟಿಕ್ಸ್ ಲ್ಯಾಬ್ ತೋರಿಸಿದರು, ಕಾಫಿ ಕೊಟ್ಟರು, ಆಮೇಲೆ ನಮ್ಮನ್ನೇ ಇಂಟರ್‌ವ್ಯೂ ಮಾಡಿದರು. ಹೋದ ವರ್ಷ ಎಷ್ಟು ಟೀಚರ್ ಬಿಟ್ಟು ಹೋದರು ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡನೇ ಕ್ಲಾಸಿನಲ್ಲಿ ಒಂದೇ ವರ್ಷಕ್ಕೆ ಅವಳಿಗೆ ಮೂವರು ಕ್ಲಾಸ್ ಟೀಚರ್ ಬದಲಾದರು. ನಾವು ಆ ಶಾಲೆ ಆರಿಸಿದ್ದರ ನಿಜವಾದ ಕಾರಣ, ಈಗ ಯೋಚಿಸಿದರೆ, ಸ್ಕೂಲ್ ಬಸ್ಸು ನಮ್ಮ ಗೇಟಿಗೇ ಬರುತ್ತದೆ ಅನ್ನುವುದು. ಅಂದರೆ ನಾವೂ ರಸ್ತೆಯನ್ನೇ ನೋಡಿದ್ದು. ಅದಕ್ಕೆ ದುಡ್ಡು ಕೊಟ್ಟೆವು ಅಷ್ಟೆ.

ನೂರಕ್ಕೆ ನೂರು

ಇದರ ನಡುವೆ ದೊಡ್ಡವನ ಚಿಂತೆಯೂ ಇದೆ. ಆರ್‌ಟಿಇ ಸೀಟು ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಅವನು ಈಗ ಎಂಟು. ಒಂಬತ್ತಕ್ಕೆ ಅದೇ ಶಾಲೆಯಲ್ಲಿ ಕೂರಬೇಕಾದರೆ ಪೂರ್ತಿ ಫೀಸು. ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳೆಯರು ಮುಂದಕ್ಕೆ ಹೋಗುತ್ತಾರೆ, ಇವನು ಟಿಸಿ ತೆಗೆದುಕೊಂಡು ಸರ್ಕಾರಿ ಪ್ರೌಢಶಾಲೆಗೆ. ಅಲ್ಲಿಗೆ ಹೋಲಿಸಲು ಹೋದರೆ ಎಲ್ಲರೂ ಹೇಳುವುದು ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಿ ಅಂತ.

ನೋಡಿದೆ. ಒಂದು ಶಾಲೆಗೆ ನೂರಕ್ಕೆ ನೂರು. ಪರೀಕ್ಷೆಗೆ ಕೂತವರು 14 ಜನ. ಒಂದು ಹುಡುಗಿಗೆ ಅವತ್ತು ಜ್ವರ ಬಂದಿದ್ದರೆ ಅದು 93ಕ್ಕೆ ಇಳಿಯುತ್ತಿತ್ತು. ಇನ್ನೊಂದು ಶಾಲೆ 2023ಕ್ಕಿಂತ 2024ರಲ್ಲಿ ಪಾತಾಳಕ್ಕೆ ಬಿದ್ದಿದೆ. ಆದರೆ ಆ ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ಬಂತು, ಇಡೀ ರಾಜ್ಯದ ಫಲಿತಾಂಶವೇ ಶೇ 83.89ರಿಂದ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. ಆ ಶಾಲೆಯ ಮೇಷ್ಟ್ರುಗಳು ಒಂದೇ ವರ್ಷದಲ್ಲಿ ಕೆಟ್ಟರೋ, ಅದಕ್ಕೂ ಹಿಂದಿನ ಅಂಕಿಯೇ ಉಬ್ಬಿತ್ತೋ, ಶೀಟು ನೋಡಿದರೆ ಗೊತ್ತಾಗುವುದಿಲ್ಲ. ಇನ್ನು ಸರ್ಕಾರಿ ಪ್ರೌಢಶಾಲೆ ಯಾರನ್ನೂ ಬೇಡ ಅನ್ನುವಂತಿಲ್ಲ. ಅಕ್ಕನ ಮಗನಂಥವರು, ಎಂಟು ಮುಗಿಸಿ ಫೀಸು ಕಟ್ಟಲಾಗದೆ ಒಂಬತ್ತಕ್ಕೆ ಬಂದು ಸೇರುವವರು, ಮೀಡಿಯಂ ಬದಲಾಗಿ ತಡಬಡಾಯಿಸುವವರು, ಎಲ್ಲರೂ ಆ ಶಾಲೆಯ ಪರ್ಸೆಂಟೇಜಿಗೇ ಲೆಕ್ಕ. ಕಳಿಸಿಕೊಟ್ಟ ಶಾಲೆಯ ಬೋರ್ಡಿನ ಮೇಲೆ ಅದೇ ನೂರಕ್ಕೆ ನೂರು ಹೊಳೆಯುತ್ತಿರುತ್ತದೆ.

ಅಕ್ಟೋಬರ್

ಅಕ್ಟೋಬರ್‌ನಲ್ಲಿ ನನ್ನ ಮುನಿಸಿಗೆ ಸ್ವಲ್ಪ ಬಲ ಬಂತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಮನೆಮನೆಗೆ ಕಳಿಸಿದರು. ಕೆಲಸ ಮುಗಿಯಲಿಲ್ಲ ಅಂತ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ರವರೆಗೆ ಮುಂದಕ್ಕೆ ಹಾಕಿದರು. ಖಾಸಗಿ ಶಾಲೆಗಳು ತೆರೆದವು. ಬೆಳಿಗ್ಗೆ ಎಂಟಕ್ಕೆ ಅಣ್ಣ ಬ್ಯಾಗು ಹಾಕಿಕೊಂಡು ಹೋಗುತ್ತಾನೆ, ತಂಗಿ ಗಾಡಿಯ ಕೆಳಗೆ ಗೋಣಿಚೀಲದ ಮೇಲೆ ಕೂತು ನೋಡುತ್ತಾಳೆ. ನಮ್ಮ ಮನೆಗೂ ಸಮೀಕ್ಷೆಗೆ ಒಬ್ಬರು ಟೀಚರ್ ಬಂದಿದ್ದರು. ಬಿಸಿಲಿಗೆ ಮುಖ ಕೆಂಪಾಗಿತ್ತು, ಮೊಬೈಲ್ ಆ್ಯಪ್ ತಿರುಗುತ್ತಲೇ ಇತ್ತು, ಮೂರನೇ ಮಹಡಿ ಹತ್ತಿ ಇಳಿದು ಸುಸ್ತಾಗಿದ್ದರು. ನೀರು ಕೊಟ್ಟೆ. ನಿಮ್ಮ ಶಾಲೆಯಲ್ಲಿ ಎಷ್ಟು ಜನ ಟೀಚರ್ ಅಂತ ಕೇಳಿದೆ, ಅಭ್ಯಾಸಬಲ. ‘ನಾನು, ಇನ್ನೊಬ್ರು. ಅವರೂ ಇದೇ ಕೆಲಸದಲ್ಲಿದಾರೆ’ ಅಂದರು.

ಅವತ್ತು ಸಂಜೆ ಬಟ್ಟೆ ತರಲು ಹೋದಾಗ ಅಕ್ಕನಿಗೆ ಏನಾದರೂ ಹೇಳಬೇಕು ಅನ್ನಿಸುತ್ತಿತ್ತು. ರಸ್ತೆ ಆಚೆಯ ಶಾಲೆಗೂ ಅದೇ ರಜೆ ಅನ್ನುವುದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಚಿಕ್ಕವಳು ಅಮ್ಮನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಏನೋ ಗೀಚುತ್ತಿದ್ದಳು. ಪಕ್ಕದ ಪುಟದಲ್ಲಿ ಬಿ-204, ಶರ್ಟು ಆರು, ಸೀರೆ ಎರಡು ಅಂತ ಅಕ್ಕನ ಕೈಬರಹ. ಇವಳದ್ದು ದೊಡ್ಡ ದೊಡ್ಡ ಅಕ್ಷರ, ಗೆರೆ ಬಿಟ್ಟು ಓಡಾಡುತ್ತಿತ್ತು. ಸರ. ರಸ. ಅರಸ. ಅದರ ಕೆಳಗೆ ಅಗಸ.

‘ಇದನ್ನ ಯಾರು ಹೇಳ್ಕೊಟ್ರು?’ ಅಂದೆ.

‘ಯಾರೂ ಇಲ್ಲ. ರ ತೆಗ್ದು ಗ ಹಾಕ್ದೆ.’

ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಬಗ್ಗಿ ನೋಡಿದರು. ಒಂದೊಂದೇ ಅಕ್ಷರ ಕೂಡಿಸಿ ಓದಿದರು. ‘ಅಯ್ಯೋ, ನಮ್ಮನ್ನೇ ಬರ್ದವಳೆ ನೋಡಿ’ ಅಂತ ಜೋರಾಗಿ ನಕ್ಕರು. ಆಮೇಲೆ ನನ್ನ ಶರ್ಟುಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಾ, ಇಸ್ಕೂಲು ಯಾವಾಗ ಶುರು ಅಂತೆ ಅಂತ ಕೇಳಿದರು. ಹದಿನೆಂಟರವರೆಗೆ ರಜೆ, ಅದು ಮುಗಿಯೋ ಹೊತ್ತಿಗೆ ದೀಪಾವಳಿ ಬರುತ್ತೆ ಅಂದೆ. ಅವರು ಲೆಕ್ಕದ ಪುಸ್ತಕ ಮಗಳ ಕೈಯಿಂದ ತೆಗೆದುಕೊಂಡು, ಖಾಲಿ ಹಾಳೆ ಒಂದನ್ನು ಹರಿದು ಅವಳಿಗೆ ಕೊಟ್ಟು, ನನ್ನ ಹೆಸರಿನ ಮುಂದೆ 90 ರೂಪಾಯಿ ಬರೆದುಕೊಂಡರು.